ಹಠ ಹಿಡಿದ ಬೋಲ್ಟ್ ಬಿಚ್ಚುವುದು ಹೇಗೆ: ಮನೆಯಲ್ಲೇ ಬೈಕ್ ಕೆಲಸ ಮಾಡುವವರಿಗೆ

ಅರ್ಧ ಗಂಟೆಯ ಬೈಕ್ ಕೆಲಸ ಅರ್ಧ ದಿನ ನುಂಗುವುದು ಸಾಮಾನ್ಯವಾಗಿ ಒಂದೇ ಒಂದು ಬೋಲ್ಟ್‌ನಿಂದ. ಉಳಿದವೆಲ್ಲ ಸಲೀಸಾಗಿ ಬರುತ್ತವೆ, ಕೊನೆಯದು ಮಾತ್ರ ಅಲ್ಲಾಡುವುದಿಲ್ಲ. ಆಗ ಕೈ ತಾನಾಗಿಯೇ ಇನ್ನೂ ಜೋರಾಗಿ ತಿರುಗಿಸುತ್ತದೆ. ಕೆಲಸ ಕೆಡುವುದು ಅಲ್ಲೇ. ಬೋಲ್ಟ್‌ನ ತಲೆ ಚೆನ್ನಾಗಿರುವಷ್ಟು ಹೊತ್ತು ನಿಮ್ಮ ಮುಂದೆ ಬೇಕಾದಷ್ಟು ದಾರಿಗಳಿರುತ್ತವೆ. ತಲೆ ಸವೆದರೆ ಮೂರು ನಾಲ್ಕು ಉಳಿಯುತ್ತವೆ. ತಲೆ ಮುರಿದರೆ ಒಂದೋ ಎರಡೋ, ಅವೂ ಕಷ್ಟದವೇ. ಹಾಗಾಗಿ ಇಲ್ಲಿ ಹೇಳುವ ಉಪಾಯಗಳಿಗಿಂತ ಅವುಗಳ ಕ್ರಮ ಮುಖ್ಯ. ತಲೆಗೆ ಏಟಾಗದ ಕೆಲಸಗಳು ಮೊದಲು, ಡ್ರಿಲ್ ಕಟ್ಟಕಡೆಗೆ.

ಯಾಕೆ ಹಿಡಿದುಕೊಂಡಿದೆ ಅಂತ ನೋಡಿ

ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಟಾರ್ಚ್ ಹಿಡಿದು ಒಂದು ನಿಮಿಷ ನೋಡಿ. ಬೋಲ್ಟ್ ಬರದೇ ಇರುವುದಕ್ಕೆ ಕಾರಣ ಒಂದೇ ಅಲ್ಲ. ಕಾರಣ ಬೇರೆಯಾದರೆ ಮದ್ದೂ ಬೇರೆ.

ಕೆಂಪು ತುಕ್ಕು ಕಂಡರೆ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಂಡಿದೆ ಎಂದರ್ಥ. ಸ್ಟ್ಯಾಂಡ್, ಫುಟ್‌ರೆಸ್ಟ್, ಆಕ್ಸಲ್, ಸೈಲೆನ್ಸರ್ ಕ್ಲ್ಯಾಂಪ್‌ಗಳಲ್ಲಿ ಹೆಚ್ಚಾಗಿ ಇದೇ ಕಥೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಥ್ರೆಡ್‌ಗಳ ನಡುವಿನ ಸಂದಿಯನ್ನೆಲ್ಲ ತುಂಬಿಕೊಂಡು ಅದು ಬಿಗಿಯುತ್ತದೆ. ಇದಕ್ಕೆ ಎಣ್ಣೆ, ಪೆಟ್ಟು, ಶಾಖ ಮೂರೂ ಆಗುತ್ತವೆ.

ಬೋಲ್ಟ್ ಸುತ್ತ ಬಿಳಿ ಪುಡಿ ಕಂಡರೆ ಅದು ಅಲ್ಯೂಮಿನಿಯಂ ಸವೆದದ್ದು. ಎಂಜಿನ್ ಕವರ್, ಬ್ರೇಕ್ ಕ್ಯಾಲಿಪರ್, ಹ್ಯಾಂಡಲ್ ಕ್ಲ್ಯಾಂಪ್ ಎಲ್ಲ ಅಲ್ಯೂಮಿನಿಯಂ, ಅವುಗಳೊಳಗೆ ಕೂತಿರುವ ಬೋಲ್ಟ್ ಉಕ್ಕಿನದು. ಎರಡು ಬೇರೆ ಲೋಹಗಳ ನಡುವೆ ನೀರು, ಅದರಲ್ಲೂ ಉಪ್ಪಿನಂಶ ಇರುವ ನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಆ ಪುಡಿ ಥ್ರೆಡ್‌ನಲ್ಲಿ ಗಟ್ಟಿಯಾಗಿ ಕೂರುತ್ತದೆ. ಎಣ್ಣೆ ಇಲ್ಲಿ ಅಷ್ಟಾಗಿ ಇಳಿಯುವುದಿಲ್ಲ. ಶಾಖವೇ ಗತಿ.

ತುಕ್ಕೂ ಇಲ್ಲ, ಪುಡಿಯೂ ಇಲ್ಲ, ಬೋಲ್ಟ್ ಹೊಸದರಂತೆ ಹೊಳೆಯುತ್ತಿದೆ, ಆದರೂ ಬರುತ್ತಿಲ್ಲ ಅಂದರೆ ಥ್ರೆಡ್ ಲಾಕರ್ ಅಂಟು ಹಾಕಿರಬಹುದು. ಬ್ರೇಕ್ ಡಿಸ್ಕ್ ಬೋಲ್ಟ್‌ಗಳಲ್ಲಿ ಇದು ಸಾಮಾನ್ಯ. ಇದಕ್ಕೆ ಎಷ್ಟು ಎಣ್ಣೆ ಹೊಡೆದರೂ ಪ್ರಯೋಜನವಿಲ್ಲ.

ಇನ್ನು ಕೆಲವು ನಟ್‌ಗಳಿಗೆ ಬೇಕಂತಲೇ ಬೀಗ ಹಾಕಿರುತ್ತಾರೆ. ಆಕ್ಸಲ್ ನಟ್‌ಗೆ ಸ್ಪ್ಲಿಟ್ ಪಿನ್, ಮುಂದಿನ ಸ್ಪ್ರಾಕೆಟ್ ನಟ್‌ಗೆ ಮಡಚಿದ ಲಾಕ್ ವಾಷರ್, ಕ್ಲಚ್ ನಟ್‌ನ ಅಂಚನ್ನು ಶಾಫ್ಟ್‌ನ ತೋಡಿಗೆ ಬಡಿದು ಕೂರಿಸಿದ್ದು. ಇವನ್ನು ಬಿಡಿಸದೆ ತಿರುಗಿಸಿದರೆ ಥ್ರೆಡ್ ಹೋಗುತ್ತದೆ. ತಿರುಗಿಸುವ ದಿಕ್ಕನ್ನೂ ನೋಡಿಕೊಳ್ಳಿ. ಯಮಹಾದ ಎಷ್ಟೋ ಮಾಡೆಲ್‌ಗಳಲ್ಲಿ ಬಲಗಡೆ ಕನ್ನಡಿಯ ಥ್ರೆಡ್ ಉಲ್ಟಾ ಇರುತ್ತದೆ. ಎಂಜಿನ್ ಒಳಗಿನ ಕೆಲವು ನಟ್‌ಗಳೂ ಹಾಗೇ. ಸರ್ವಿಸ್ ಮ್ಯಾನುಯಲ್ ಒಮ್ಮೆ ತಿರುವಿಹಾಕಿದರೆ ಗೊತ್ತಾಗುವ ವಿಷಯಕ್ಕೆ ಬೋಲ್ಟ್ ಮುರಿದುಕೊಳ್ಳುವುದು ಯಾಕೆ, ಅಲ್ವಾ?

ಸ್ವಚ್ಛ ಮಾಡಿ, ಗಾಡಿಯನ್ನು ಭದ್ರವಾಗಿ ನಿಲ್ಲಿಸಿ

ವೈರ್ ಬ್ರಷ್‌ನಿಂದ ಬೋಲ್ಟ್ ತಲೆ ಮತ್ತು ಹೊರಗೆ ಕಾಣುವ ಥ್ರೆಡ್ ಎರಡನ್ನೂ ಉಜ್ಜಿ. ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಕುಳಿ ಇರುವುದು) ಆದರೆ ಅದರ ಕುಳಿಯಲ್ಲಿ ಗಟ್ಟಿಯಾದ ಮಣ್ಣನ್ನು ಸೂಜಿಯಂಥದ್ದರಿಂದ ಕೆದಕಿ ತೆಗೆಯಿರಿ. ಕೀ ಪೂರ್ತಿ ಆಳಕ್ಕೆ ಇಳಿಯದೆ ಮೇಲ್ಮೇಲೆ ಕೂತಿರುವುದೇ ಅಲೆನ್ ತಲೆ ಹಾಳಾಗಲು ದೊಡ್ಡ ಕಾರಣ. ಇಳಿದಿದೆ ಅಂತ ಅನಿಸುತ್ತದೆ, ಆದರೆ ಅರ್ಧ ಮಾತ್ರ ಇಳಿದಿರುತ್ತದೆ. ಕೀ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಒಂದೆರಡು ಏಟು ಕೊಟ್ಟು ಕೂರಿಸಿ.

ಜೋರಾಗಿ ಎಳೆಯುವ ಕೆಲಸ ಇದ್ದರೆ ಗಾಡಿ ಸ್ಟ್ಯಾಂಡ್ ಮೇಲಿಂದ ಉರುಳಬಹುದು. ಹಿಂದಿನ ಆಕ್ಸಲ್ ನಟ್ ಅನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಎತ್ತಿ ನಿಲ್ಲಿಸುವುದು ಆಮೇಲೆ. ಸ್ಪ್ರಾಕೆಟ್ ನಟ್‌ಗೆ ಗೇರ್ ಹಾಕಿ, ಇನ್ನೊಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿಯಲಿ. ಕಣ್ಣಿಗೆ ಕನ್ನಡಕ ಇರಲಿ. ತುಕ್ಕಿನ ಚೂರು ಹಾರುವುದು ಯಾವಾಗಲೂ ಮುಖದ ಕಡೆಗೇ.

ಸರಿಯಾದ ಹಿಡಿತ

ಓಪನ್ ಸ್ಪ್ಯಾನರ್ ಬೋಲ್ಟ್‌ನ ಎರಡೇ ಮಗ್ಗುಲು ಹಿಡಿಯುತ್ತದೆ. ಬಿಗಿ ಬೋಲ್ಟ್‌ಗೆ ಅದನ್ನು ಮುಟ್ಟಲೇಬೇಡಿ. ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಬೇಕು, ಅದರಲ್ಲೂ ಆರು ಮೂಲೆಯದು. ಹನ್ನೆರಡು ಮೂಲೆಯ ಸಾಕೆಟ್ ಬೋಲ್ಟ್‌ನ ಮೂಲೆಯ ಹತ್ತಿರ ಒತ್ತುತ್ತದೆ. ತಲೆ ಸ್ವಲ್ಪ ಸವೆದಿದ್ದರೂ ಜಾರುತ್ತದೆ. ರಾಟ್ಚೆಟ್ ಹಿಡಿಗೆ ಪೈಪ್ ಸಿಕ್ಕಿಸಿ ಎಳೆಯುವ ಅಭ್ಯಾಸ ಒಳ್ಳೆಯದಲ್ಲ, ಒಳಗಿನ ಹಲ್ಲು ಮುರಿಯುತ್ತದೆ. ಹಲ್ಲಿಲ್ಲದ ಉದ್ದನೆಯ ಬ್ರೇಕರ್ ಬಾರ್ ಇರುವುದೇ ಅದಕ್ಕೆ. ಟಾರ್ಕ್ ರೆಂಚ್‌ನಿಂದ, ಅಂದರೆ ತಿರುಗಿಸುವ ಬಲ (ಟಾರ್ಕ್) ಅಳೆದು ಬಿಗಿಯುವ ಸ್ಪ್ಯಾನರ್‌ನಿಂದ, ಬಿಚ್ಚಬೇಡಿ, ಅದರ ಅಳತೆ ಕೆಡುತ್ತದೆ.

ಅಲೆನ್ ಕೀಯ ತುದಿ ಸವೆದು ಗುಂಡಗಾಗಿದ್ದರೆ ತುದಿಯ ಕೆಲವು ಮಿಲಿಮೀಟರ್ ಉಜ್ಜಿ ತೆಗೆದುಬಿಡಿ, ಒಳಗೆ ಹೊಸ ಮೂಲೆಗಳು ಸಿಗುತ್ತವೆ. ಗುಂಡು ತುದಿಯ ಬಾಲ್ ಕೀ ಸಡಿಲಾದ ಬೋಲ್ಟ್ ಅನ್ನು ಬೇಗ ತಿರುಗಿಸಲು ಇರುವುದು, ಬಿಗಿ ಬೋಲ್ಟ್ ಒಡೆಯಲು ಅಲ್ಲ.

ಸ್ಟಾರ್ ಸ್ಕ್ರೂ (ತಲೆಯಲ್ಲಿ ಪ್ಲಸ್ ಆಕಾರದ ಕುಳಿ ಇರುವುದು) ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜಪಾನಿ ಬೈಕ್‌ಗಳ ಸ್ಟಾರ್ ಸ್ಕ್ರೂಗಳು ನೋಡಲು ಫಿಲಿಪ್ಸ್‌ನಂತೆಯೇ ಇದ್ದರೂ ಅವು ಜೆಐಎಸ್ ಎಂಬ ಜಪಾನಿ ಅಳತೆಯವು. ಸ್ಕ್ರೂ ತಲೆಯ ಮೇಲೆ ಒಂದು ಪುಟ್ಟ ಚುಕ್ಕೆ ಇದ್ದರೆ ಹೆಚ್ಚಾಗಿ ಅದೇ. ಫಿಲಿಪ್ಸ್ ಡ್ರೈವರ್ ಇದರೊಳಗೆ ತಳ ಮುಟ್ಟುವುದಿಲ್ಲ, ಬಲ ಹಾಕಿದ ತಕ್ಷಣ ಮೇಲಕ್ಕೆ ಜಿಗಿಯುತ್ತದೆ, ಪ್ರತಿ ಜಿಗಿತಕ್ಕೂ ಕುಳಿ ಸವೆಯುತ್ತದೆ. ಕಾರ್ಬ್ಯುರೇಟರ್ ಬೌಲ್, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ, ಹಳೆಯ ಎಂಜಿನ್ ಕವರ್‌ಗಳ ಸ್ಕ್ರೂ ಹಾಳಾಗಿರುವುದು ಬಹುತೇಕ ಹೀಗೇ. ಜೆಐಎಸ್ ಡ್ರೈವರ್ ಒಂದು ಜೊತೆ, 2 ಮತ್ತು 3ನೇ ನಂಬರ್, ಇಟ್ಟುಕೊಳ್ಳಿ. ಇದು ಒಂದನ್ನು ಕೊಂಡರೆ ಮುಂದಿನ ಅರ್ಧ ತಲೆನೋವು ತಪ್ಪುತ್ತದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡ್ರೈವರ್ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಒಂಚೂರು ಹಚ್ಚಿದರೆ ಹಿಡಿತ ಇನ್ನೂ ಚೆನ್ನಾಗಿ ಸಿಗುತ್ತದೆ.

ಎಣ್ಣೆ, ಮತ್ತು ಕಾಯುವುದು

ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಲೋಹದ ಮೇಲಿನ ನೀರನ್ನು ದೂರ ತಳ್ಳಿ ತುಕ್ಕು ತಡೆಯುವುದಕ್ಕೆ. ಹಗುರ ತುಕ್ಕಿಗೆ ಅದು ಸಾಕು. ಗಟ್ಟಿಯಾಗಿ ಹಿಡಿದಿದ್ದಕ್ಕೆ ತುಕ್ಕು ಸಡಿಲಿಸಲೆಂದೇ ಮಾಡಿದ ಪೆನಿಟ್ರೇಟಿಂಗ್ ಆಯಿಲ್ ಮೇಲು. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್ ಆಯಿಲ್ ಸಮ ಸಮ ಬೆರೆಸಿ ಬಳಸುವವರೂ ಇದ್ದಾರೆ. ಆದರೆ ಅಸಿಟೋನ್ ಪೇಂಟ್ ಮತ್ತು ಪ್ಲಾಸ್ಟಿಕ್ ಎರಡನ್ನೂ ತಿನ್ನುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. ಪೇಂಟ್ ಹತ್ತಿರ ಅದು ಬೇಡ.

ಯಾವ ಎಣ್ಣೆ ಅನ್ನುವುದಕ್ಕಿಂತ ಎಷ್ಟು ಹೊತ್ತು ಅನ್ನುವುದೇ ದೊಡ್ಡದು. ಹೊಡೆದ ಐದೇ ನಿಮಿಷಕ್ಕೆ ತಿರುಗಿಸಿದರೆ ಎಣ್ಣೆ ಇನ್ನೂ ತಲೆಯ ಸುತ್ತಲೇ ಇರುತ್ತದೆ. ರಾತ್ರಿ ಹೊಡೆದು ಬಿಡಿ, ಬೆಳಿಗ್ಗೆ ಮತ್ತೆ ಹೊಡೆಯಿರಿ, ನಡುನಡುವೆ ತಲೆಯನ್ನು ಸುತ್ತಿಗೆಯಿಂದ ತಟ್ಟಿ. ತಟ್ಟಿದಾಗ ತುಕ್ಕಿನಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ, ಎಣ್ಣೆ ಅಲ್ಲಿಂದ ಇಳಿಯುತ್ತದೆ. ಬೋಲ್ಟ್‌ನ ಇನ್ನೊಂದು ತುದಿ ಹೊರಗೆ ಕಾಣುತ್ತಿದ್ದರೆ ಎಣ್ಣೆ ಆ ಕಡೆಯಿಂದಲೂ ಹಾಕಿ. ಎಷ್ಟೋ ಜನ ಇದನ್ನು ಮರೆಯುತ್ತಾರೆ. ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್ ಮೇಲೆ ಒಂದು ಹನಿಯೂ ಬೀಳದಂತೆ ಬಟ್ಟೆ ಮುಚ್ಚಿ.

ಕೈಗೆ ಏನು ಗೊತ್ತಾಗುತ್ತದೆ

ಈಗ ತಿರುಗಿಸಿ ನೋಡಬಹುದು. ಮೊದಲು ಬಿಚ್ಚುವ ಕಡೆಗಲ್ಲ, ಬಿಗಿ ಮಾಡುವ ಕಡೆಗೆ ಒಂಚೂರು. ಕೂದಲೆಳೆಯಷ್ಟು ಅಲುಗಿದರೂ ತುಕ್ಕಿನ ಹಿಡಿತ ಕಡಿದಂತೆ. ಆಮೇಲೆ ಬಿಚ್ಚುವ ಕಡೆಗೆ. ನಿಧಾನವಾಗಿ ಬಲ ಏರಿಸುತ್ತಾ ಹೋಗುವುದಕ್ಕಿಂತ ಗಕ್ಕನೆ ಒಂದು ಎಳೆತ ಒಳ್ಳೆಯದು.

ಇಲ್ಲಿ ಕಿವಿ ಮತ್ತು ಅಂಗೈ ಎರಡೂ ಎಚ್ಚರವಾಗಿರಲಿ. "ಟಕ್" ಅಂತ ಚುರುಕಾದ ಸದ್ದು ಬಂದು, ಅದೇ ಕ್ಷಣ ಹಿಡಿ ಹಗುರಾದರೆ ಬೋಲ್ಟ್ ಬಿಟ್ಟಿದೆ. ಕಿರ್ರ್ ಅಂತ ಒಣ ಸದ್ದು ಮಾಡುತ್ತಾ ಬಿಗಿಯಾಗಿಯೇ ತಿರುಗಿದರೂ ಪರವಾಗಿಲ್ಲ, ಥ್ರೆಡ್ ಜರುಗುತ್ತಿದೆ. ಭಯಪಡಬೇಕಾದ್ದು ಮೂರನೆಯದಕ್ಕೆ. ಸದ್ದೇ ಇಲ್ಲ, ಹಿಡಿ ಮೆತ್ತಗೆ ರಬ್ಬರಿನಂತೆ ಬರುತ್ತದೆ, ಕೈ ಬಿಟ್ಟರೆ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಅಂದರೆ ತಲೆ ತಿರುಗುತ್ತಿದೆ, ಕೆಳಗಿನ ಥ್ರೆಡ್ ನಿಂತಲ್ಲೇ ಇದೆ, ನಡುವೆ ಬೋಲ್ಟ್ ತಿರುಚಿಕೊಳ್ಳುತ್ತಿದೆ. ಅಲ್ಲಿಗೆ ನಿಲ್ಲಿಸಿ. ಇನ್ನು ಕಾಲು ಸುತ್ತು ತಿರುಗಿಸಿದರೆ ತಲೆ ಕೈಗೆ ಬರುತ್ತದೆ. ಎಂ6 ಬೋಲ್ಟ್‌ಗಳು, ಅಂದರೆ 6 ಮಿ.ಮೀ. ದಪ್ಪದವು, ಇದರಲ್ಲಿ ಕುಖ್ಯಾತ. ಅವನ್ನು ಕೂರಿಸಲು ಬೇಕಾದದ್ದೇ ಸುಮಾರು 10 ನ್ಯೂಟನ್ ಮೀಟರ್ ಬಲ. ಉದ್ದ ಹಿಡಿಯ ಮುಂದೆ ಅವು ಏನೂ ಅಲ್ಲ.

ಬೋಲ್ಟ್ ಸ್ವಲ್ಪ ಬಂದು ಮತ್ತೆ ಬಿಗಿಯಾದರೆ ಎಳೆಯುತ್ತಾ ಹೋಗಬೇಡಿ. ಅರ್ಧ ಸುತ್ತು ಹೊರಗೆ, ಕಾಲು ಸುತ್ತು ಒಳಗೆ, ಒಂದು ಹನಿ ಎಣ್ಣೆ. ಬೇಜಾರಿನ ಕೆಲಸವೇ, ಆದರೆ ಥ್ರೆಡ್ ಉಳಿಯುತ್ತದೆ.

ಪೆಟ್ಟು

ಸುತ್ತಿಗೆಯಿಂದ ಹೊಡೆಯುವ ಕೈ ಇಂಪ್ಯಾಕ್ಟ್ ಡ್ರೈವರ್ ಸ್ಕ್ರೂಗಳಿಗೆ ಹೇಳಿ ಮಾಡಿಸಿದ ಸಾಧನ. ಹೊಡೆದ ಏಟು ಬಿಟ್ ಅನ್ನು ಕುಳಿಯೊಳಗೆ ಒತ್ತಿ ಹಿಡಿದು, ಅದೇ ಕ್ಷಣ ತಿರುಗಿಸುತ್ತದೆ. ಹಾಗಾಗಿ ಜಾರುವುದಿಲ್ಲ. ದಿಕ್ಕು ಸರಿಯಾಗಿದೆಯಾ ನೋಡಿಕೊಳ್ಳಿ, ಬಿಟ್ ಕೂರಿಸಿ, ಸ್ಕ್ರೂ ಬಿಚ್ಚುವ ಕಡೆಗೆ ಕೈಯಿಂದ ಸ್ವಲ್ಪ ತಿರುಚಿ ಹಿಡಿದು ಒಂದು ಗಟ್ಟಿ ಏಟು. ಹತ್ತು ಮೆಲ್ಲನೆಯ ಏಟಿಗಿಂತ ಒಂದು ಗಟ್ಟಿ ಏಟು ವಾಸಿ.

ಇದು ಎಲ್ಲ ಕಡೆ ನಡೆಯುವುದಿಲ್ಲ. ಬ್ರೇಕ್ ಆಯಿಲ್ ಡಬ್ಬಿ ಹ್ಯಾಂಡಲ್ ಮೇಲಿರುತ್ತದೆ. ಹ್ಯಾಂಡಲ್ ಸ್ಪ್ರಿಂಗಿನಂತೆ ಅದುರಿ ಏಟನ್ನೆಲ್ಲ ನುಂಗಿಬಿಡುತ್ತದೆ, ಜೊತೆಗೆ ಡಬ್ಬಿಯ ಎರಕವೂ ತೆಳು. ಅಲ್ಲಿ ಸರಿಯಾದ ಜೆಐಎಸ್ ಡ್ರೈವರ್ ಇಟ್ಟು, ಚಿಕ್ಕ ಸುತ್ತಿಗೆಯಿಂದ ಹಿಡಿಯ ಹಿಂಭಾಗಕ್ಕೆ ಹಗುರವಾಗಿ ತಟ್ಟಿ, ಆಮೇಲೆ ದೇಹದ ಭಾರವನ್ನೆಲ್ಲ ಕೆಳಕ್ಕೆ ಹಾಕಿ ತಿರುಗಿಸಿ. ಬಲದಲ್ಲಿ ಮುಕ್ಕಾಲು ಪಾಲು ಒತ್ತುವುದಕ್ಕೆ, ಕಾಲು ಪಾಲು ತಿರುಗಿಸುವುದಕ್ಕೆ. ಕ್ರ್ಯಾಂಕ್ ಶಾಫ್ಟ್ ತುದಿಗೂ ಏಟು ಬೇಡ.

ಶಾಖ

ಮನೆಯಲ್ಲಿ ಕೆಲಸ ಮಾಡುವವರು ಇದಕ್ಕೆ ಹೆದರಿ ಬಲ ಹಾಕಲು ಹೋಗುತ್ತಾರೆ. ನನ್ನ ಪ್ರಕಾರ ಅದು ಉಲ್ಟಾ ಲೆಕ್ಕ. ಎಚ್ಚರದಿಂದ ಬಳಸಿದರೆ ಬಲಕ್ಕಿಂತ ಶಾಖ ಕಡಿಮೆ ಹಾಳು ಮಾಡುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು ಸುಮಾರು 12. ಅಂದರೆ ಎರಡನ್ನೂ ಒಟ್ಟಿಗೆ ಬಿಸಿ ಮಾಡಿದರೂ ಅಲ್ಯೂಮಿನಿಯಂ ತೂತು ಉಕ್ಕಿನ ಬೋಲ್ಟ್‌ಗಿಂತ ಹೆಚ್ಚು ಹಿಗ್ಗಿ ದಾರಿ ಬಿಡುತ್ತದೆ. ಹೀಟ್ ಗನ್ ಸಾಕು. ಬೋಲ್ಟ್ ಸುತ್ತಲಿನ ಎರಕಕ್ಕೆ ಬಿಸಿ ಹಿಡಿಯಿರಿ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಒಂದು ಹನಿ ನೀರು ಚಿಮುಕಿಸಿದಾಗ ಚುರ್ ಅಂದರೆ 100 ಡಿಗ್ರಿ ದಾಟಿದೆ ಅಂತ. ಬಿಸಿ ಇರುವಾಗಲೇ ತಿರುಗಿಸಿ.

ಉಕ್ಕಿಗೆ ಉಕ್ಕು ಕಚ್ಚಿದ್ದರೆ ನಟ್ ಅನ್ನು ಬಿಸಿ ಮಾಡಿ, ಬೋಲ್ಟ್ ಅನ್ನಲ್ಲ. ಬಿಸಿಯಾಗಿ ತಣಿಯುವಾಗ ತುಕ್ಕಿನ ಪದರ ಒಡೆಯುತ್ತದೆ, ಒಂದೇ ಸಲಕ್ಕೆ ಬರದಿದ್ದರೆ ಎರಡು ಮೂರು ಸಲ ಮಾಡಿ.

ಥ್ರೆಡ್ ಲಾಕರ್ ಮಧ್ಯಮ ಶಕ್ತಿಯದಾದರೆ ಸ್ವಲ್ಪ ಬಿಸಿಗೇ ಸಡಿಲವಾಗುತ್ತದೆ. ಹೆಚ್ಚು ಶಕ್ತಿಯದಕ್ಕೆ ಬೋಲ್ಟ್ ಸುಮಾರು 250 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಚಿಕ್ಕ ಬೋಲ್ಟ್‌ಗಳಿಗೆ ಒಂದು ಉಪಾಯ ಇದೆ. ದಪ್ಪ ತುದಿಯ ಸೋಲ್ಡರಿಂಗ್ ಐರನ್ ಅನ್ನು ಅಲೆನ್ ಕುಳಿಯೊಳಗೆ ಇಟ್ಟು ಕೆಲವು ನಿಮಿಷ ಬಿಡಿ. ಬಿಸಿ ನೇರ ಬೋಲ್ಟ್ ಒಳಕ್ಕೆ ಇಳಿಯುತ್ತದೆ, ಸುತ್ತಲಿನ ಪೇಂಟ್ ಮತ್ತು ಸೀಲ್‌ಗೆ ಅಷ್ಟು ತಾಗುವುದಿಲ್ಲ.

ಎಚ್ಚರಿಕೆಗಳನ್ನು ಹಾರಿಸಿ ಓದಬೇಡಿ. ಪೆಟ್ರೋಲ್ ಟ್ಯಾಂಕ್, ಕಾರ್ಬ್ಯುರೇಟರ್, ಪೆಟ್ರೋಲ್ ಪೈಪ್ ಹತ್ತಿರ ಬೆಂಕಿಯೂ ಬೇಡ, ಹೀಟ್ ಗನ್ನೂ ಬೇಡ. ಟ್ಯಾಂಕ್ ಬಿಚ್ಚಿ ದೂರ ಇಡಿ. ಹೊಡೆದ ಎಣ್ಣೆ ಒರೆಸಿ, ಆವಿ ಹೋಗಲು ಬಿಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಾಕಿದ ಜಾಗವನ್ನು ಬಿಸಿ ಮಾಡಲೇಬಾರದು, ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಕೆಲವು ಎಂಜಿನ್ ಕವರ್‌ಗಳು ಮೆಗ್ನೀಸಿಯಂನವು, ಅವಕ್ಕೆ ಬೆಂಕಿ ಹಿಡಿಯಬೇಡಿ. ಶಾಕ್ ಅಬ್ಸಾರ್ಬರ್‌ನಲ್ಲಿ ಒತ್ತಡದ ಗ್ಯಾಸ್ ಇರುತ್ತದೆ, ಅದನ್ನಂತೂ ಬಿಸಿ ಮಾಡುವ ಮಾತೇ ಇಲ್ಲ.

ತಲೆ ಸವೆದುಹೋದರೆ

ಅಲೆನ್ ಕುಳಿ ಗುಂಡಗಾಗಿದ್ದರೆ ಅದಕ್ಕಿಂತ ಸ್ವಲ್ಪ ದೊಡ್ಡ ಟಾರ್ಕ್ಸ್ ಬಿಟ್ (ಆರು ಮೊನೆಯ ನಕ್ಷತ್ರದಂಥ ತುದಿಯದು) ಅನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ. 5 ಮಿ.ಮೀ. ಕುಳಿಗೆ ಸಾಮಾನ್ಯವಾಗಿ ಟಿ30 ಕಚ್ಚಿಕೊಳ್ಳುತ್ತದೆ. ಹೊಡೆಯುವ ಏಟೇ ಥ್ರೆಡ್ ಅನ್ನೂ ಸಡಿಲಿಸುವುದರಿಂದ ಇದು ಎರಡು ರೀತಿ ಲಾಭ. ತಲೆ ಹೊರಗೆ ಎದ್ದಿದ್ದರೆ ವೈಸ್ ಗ್ರಿಪ್ ಎಂಬ ಲಾಕ್ ಆಗುವ ಇಕ್ಕಳದಿಂದ ಗಟ್ಟಿಯಾಗಿ ಕಚ್ಚಿ ಹಿಡಿದು ತಿರುಗಿಸಿ. ಹೆಕ್ಸ್ (ಆರು ಮೂಲೆಯ) ತಲೆಯ ಆರೂ ಮಗ್ಗುಲನ್ನು ಅರದಿಂದ ಉಜ್ಜಿ ಚಿಕ್ಕ ಸೈಜಿನ ಸಾಕೆಟ್ ಕೂರಿಸುವುದೂ ಆಗುತ್ತದೆ. ಸ್ಟಾರ್ ಸ್ಕ್ರೂ ಆದರೆ ತಲೆಯ ಅಂಚಿಗೆ ಚೂಪು ಉಳಿ ಇಟ್ಟು, ಬಿಚ್ಚುವ ದಿಕ್ಕಿಗೆ ಓರೆಯಾಗಿ ಹೊಡೆಯಿರಿ.

ಯಾವುದೂ ಆಗದಿದ್ದರೆ ತಲೆಯನ್ನೇ ಡ್ರಿಲ್ ಮಾಡಿ ಹಾರಿಸಿ. ಕೇಳಲು ಭಯ, ಆದರೆ ಒಳ್ಳೆಯ ಉಪಾಯ. ಎಂ6 ಬೋಲ್ಟ್‌ಗೆ 6 ಮಿ.ಮೀ. ಬಿಟ್. ತಲೆ ಕಳಚಿದ ಕೂಡಲೇ ಬೋಲ್ಟ್ ಮೇಲಿನ ಎಳೆತ ಹೋಗುತ್ತದೆ, ಕವರ್ ಹೊರಬರುತ್ತದೆ, ಕವರ್‌ನಷ್ಟು ದಪ್ಪದ ತುಂಡು ಹೊರಗೆ ಚಾಚಿಕೊಂಡಿರುತ್ತದೆ. ಎಷ್ಟೋ ಸಲ ಆ ತುಂಡು ವೈಸ್ ಗ್ರಿಪ್‌ಗೆ ಸುಲಭವಾಗಿ ತಿರುಗಿಬಿಡುತ್ತದೆ.

ಮುರಿದೇ ಹೋದರೆ

ತುಂಡು ಸ್ವಲ್ಪವಾದರೂ ಹೊರಗಿದ್ದರೆ ಅದರ ಮೇಲೆ ಒಂದು ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿಸಿ, ಆ ನಟ್ ತಿರುಗಿಸುವುದು ಎಲ್ಲಕ್ಕಿಂತ ಉತ್ತಮ. ವೆಲ್ಡಿಂಗ್ ಬಿಸಿಯೇ ಅರ್ಧ ಕೆಲಸ ಮಾಡುತ್ತದೆ. ಮೊದಲು ಬ್ಯಾಟರಿ ಕಳಚಿ.

ಒಳಗೇ ಮುರಿದಿದ್ದರೆ ತುದಿಯನ್ನು ಸಮ ಮಾಡಿ, ಸೆಂಟರ್ ಪಂಚ್‌ನಿಂದ ಸರಿಯಾಗಿ ನಡುವೆ ಗುರುತು ಹಾಕಿ. ಈ ಗುರುತಿಗೆ ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಿ. ಇದು ಅರ್ಧ ಮಿಲಿಮೀಟರ್ ತಪ್ಪಿದರೆ ಡ್ರಿಲ್ ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಜಾರುತ್ತದೆ. 2.5 ಅಥವಾ 3 ಮಿ.ಮೀ. ಬಿಟ್‌ನಿಂದ ಶುರು ಮಾಡಿ, ನಿಧಾನ ವೇಗ, ಎಣ್ಣೆ ಹಾಕುತ್ತಾ. ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ ಅದೇ ಬಳಸಿ. ಕೊರೆಯುವಾಗಲೇ ತುಂಡು ಕಚ್ಚಿಕೊಂಡು ಹೊರಗೆ ಬರುವುದುಂಟು.

ಎಕ್ಸ್‌ಟ್ರಾಕ್ಟರ್ ಅನ್ನು, ಅಂದರೆ ತುಂಡಿನಲ್ಲಿ ಕೊರೆದ ತೂತಿಗೆ ಕೂರಿಸಿ ಅದನ್ನು ತಿರುಗಿಸಿ ತೆಗೆಯುವ ಕಡ್ಡಿಯನ್ನು, ಎಲ್ಲರೂ ಮೊದಲು ನೆನೆಯುತ್ತಾರೆ. ಎಂ6 ತುಂಡಿಗೆ ನಾನು ಅದನ್ನು ಮುಟ್ಟುವುದಿಲ್ಲ. ಇಡೀ ಬೋಲ್ಟ್‌ಗೇ ಮಣಿಯದ ಥ್ರೆಡ್, ಅದರೊಳಗಿನ ಸಣ್ಣ ತೂತಿಗೆ ಕೂರಿಸಿದ ಇನ್ನೂ ತೆಳ್ಳನೆಯ ಕಡ್ಡಿಗೆ ಮಣಿಯುತ್ತದಾ? ಚೂಪಾದ ಎಕ್ಸ್‌ಟ್ರಾಕ್ಟರ್ ತುಂಡನ್ನು ಅಗಲಿಸಿ ಇನ್ನೂ ಬಿಗಿ ಮಾಡುತ್ತದೆ. ಅದು ಬಲು ಗಡಸು ಉಕ್ಕು, ಬಾಗದೆ ಪಟ್ ಅಂತ ಮುರಿಯುತ್ತದೆ. ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು. ತುಕ್ಕಿಲ್ಲದೆ, ಸುಮ್ನೆ ಅತಿ ಬಿಗಿಗೆ ಮುರಿದ ಬೋಲ್ಟ್ ಆದರೆ ಮಾತ್ರ ಬಳಸಿ.

ಇಲ್ಲದಿದ್ದರೆ ಡ್ರಿಲ್ ಸೈಜ್ ಹಂತ ಹಂತವಾಗಿ ಏರಿಸಿ. ಎಂ6ಗೆ 5 ಮಿ.ಮೀ., ಎಂ8ಗೆ 6.8 ಮಿ.ಮೀ. ತನಕ ನೇರವಾಗಿ ಹೋದರೆ ಉಳಿಯುವುದು ಥ್ರೆಡ್‌ಗೆ ಅಂಟಿದ ತೆಳ್ಳನೆಯ ಸುರುಳಿ. ಅದನ್ನು ಕೊಕ್ಕೆಯಿಂದ ಕಿತ್ತು, ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹಾಕಿ ಸ್ವಚ್ಛ ಮಾಡಿ. ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ ಎಂಬ ಸುರುಳಿಯಂಥ ಹೊಸ ಥ್ರೆಡ್ ಹಾಕಬಹುದು.

ಕೆಲವು ಜಾಗಗಳು

ಸೈಲೆನ್ಸರ್ ಸ್ಟಡ್‌ಗಳಿಗೆ (ತಲೆಯಿಲ್ಲದ ಬೋಲ್ಟ್‌ಗಳಿಗೆ) ಆತುರ ಮಾಡಲೇಬೇಡಿ. ಸಾವಿರಾರು ಸಲ ಕಾದು ತಣಿದು ಅವು ಸೊರಗಿರುತ್ತವೆ, ಮುರಿದರೆ ಮುರಿಯುವುದು ಸಿಲಿಂಡರ್ ಹೆಡ್ ಒಳಗೆ. ಕೆಲವು ದಿನ ಮೊದಲಿನಿಂದಲೇ ಎಣ್ಣೆ ಹಾಕುತ್ತಾ ಬನ್ನಿ, ನಟ್ ಬಿಸಿ ಮಾಡಿ, ಆಮೇಲೆ ಕೈ ಹಾಕಿ. ಸ್ಟಡ್ ಅನ್ನೇ ತೆಗೆಯಬೇಕಿದ್ದರೆ ಎರಡು ನಟ್ ಒಂದಕ್ಕೊಂದು ಬಿಗಿದು ಕೆಳಗಿನದನ್ನು ತಿರುಗಿಸಿ.

ಸ್ಪಾರ್ಕ್ ಪ್ಲಗ್ ಮಾತ್ರ ಎಂಜಿನ್ ತಣ್ಣಗಿರುವಾಗ ತೆಗೆಯಿರಿ. ಬಿಸಿಯಲ್ಲಿ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುವ ಭಯ ಇದೆ. ಮೊದಲು ಸುತ್ತಲಿನ ಧೂಳು ಊದಿ, ಇಲ್ಲದಿದ್ದರೆ ಅದು ಸಿಲಿಂಡರ್ ಒಳಗೆ ಬೀಳುತ್ತದೆ.

ಆಕ್ಸಲ್ ಒಳಗೇ ಕಚ್ಚಿಕೊಂಡಿದ್ದರೆ ನಟ್ ಅನ್ನು ತುದಿಯ ಸಮಕ್ಕೆ ತಿರುಗಿಸಿಟ್ಟು, ಹಿತ್ತಾಳೆ ಅಥವಾ ಮರದ ತುಂಡು ಇಟ್ಟು ಹೊಡೆಯಿರಿ. ಥ್ರೆಡ್ ಉಳಿಯುತ್ತದೆ.

ಮತ್ತೆ ಹಾಕುವಾಗ

ತಲೆ ಸವೆದ ಬೋಲ್ಟ್ ಅನ್ನು "ಇನ್ನೊಂದು ಸಲ ನಡೆಯುತ್ತೆ" ಅಂತ ಹಾಕಬೇಡಿ. ಥ್ರೆಡ್ ಒರೆಸಿ, ಬೋಲ್ಟ್‌ಗೆ ಆಂಟಿ ಸೀಜ್ ಪೇಸ್ಟ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವುದು) ತೆಳ್ಳಗೆ ಹಚ್ಚಿ. ಸ್ಟೇನ್‌ಲೆಸ್ ಬೋಲ್ಟ್‌ಗೆ ತುಕ್ಕು ಹಿಡಿಯುವುದಿಲ್ಲ ಅಂತ ಅಲ್ಯೂಮಿನಿಯಂಗೆ ಒಣದಾಗಿ ಹಾಕುವವರಿದ್ದಾರೆ. ಅಲ್ಯೂಮಿನಿಯಂ ಅಲ್ಲೂ ಸವೆಯುತ್ತದೆ, ಹಾಗಾಗಿ ಪೇಸ್ಟ್ ಬೇಕೇ ಬೇಕು. ಪೇಸ್ಟ್ ಹಚ್ಚಿದ ಥ್ರೆಡ್ ನುಣ್ಣಗೆ ಜಾರುವುದರಿಂದ ಅದೇ ಟಾರ್ಕ್‌ಗೆ ಬೋಲ್ಟ್ ಜಾಸ್ತಿ ಬಿಗಿಯುತ್ತದೆ. ಮ್ಯಾನುಯಲ್ ಒಣ ಥ್ರೆಡ್‌ಗೆ ಅಂತ ಕೊಟ್ಟ ಅಂಕಿಗಿಂತ ಸ್ವಲ್ಪ ಕಡಿಮೆ ಇಡಿ. ಕಂಪನಿ ಥ್ರೆಡ್ ಲಾಕರ್ ಹಾಕಿದ್ದ ಕಡೆ ಪೇಸ್ಟ್ ಹಚ್ಚಬೇಡಿ, ಹಳೆಯ ಅಂಟು ಉಜ್ಜಿ ತೆಗೆದು ಮಧ್ಯಮ ಶಕ್ತಿಯ ಹೊಸ ಲಾಕರ್ ಹಾಕಿ. ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದೇ ಇರಲಿ.